ಮಗು ದುಭಾಷಿಯಾಗಬಾರದು: ಮುಂಬೈಯಲ್ಲಿ ಸಂಬಂಧ-ಕೇಂದ್ರಿತ ಥೆರಪಿ

ಮಾಟುಂಗಾದಿಂದ ಡೊಂಬಿವಿಲಿವರೆಗಿನ ಕನ್ನಡ ಮನೆಗಳ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗ್ ಕೆಳಗೆ ಹಿಂದಿ-ಮರಾಠಿ, ಮನೆಯೊಳಗೆ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ. ಹೆತ್ತವರನ್ನೂ ಮಕ್ಕಳನ್ನೂ ಜೊತೆಗೆ ಕೂರಿಸುವ ಥೆರಪಿಯನ್ನು ತೂಗುವಾಗ ನಾವು ಮೊದಲು ನೋಡುವುದು ಇದನ್ನೇ: ಕೋಣೆಯಲ್ಲಿ ಯಾರ ಭಾಷೆ ನಡೆಯುತ್ತದೆ? ಥೆರಪಿಸ್ಟ್ ಇಂಗ್ಲಿಷಿನಲ್ಲಿ ಕೇಳಿ, ಅದನ್ನು ಮಗು ಅಮ್ಮನಿಗೆ ಕನ್ನಡದಲ್ಲಿ ತಿಳಿಸುವಂತಾದರೆ ಆ ಸೆಷನ್ ಕೆಟ್ಟಂತೆಯೇ. ತನ್ನ ಮೇಲಿನ ದೂರನ್ನು ತಾನೇ ಅನುವಾದಿಸುವ ಮಗು ಅರ್ಧ ನುಂಗಿಯೇ ನುಂಗುತ್ತದೆ. ಕನ್ನಡ ಬಲ್ಲವರು ಸಿಗದಿದ್ದರೆ ಅಪ್ಪ-ಅಮ್ಮನಿಗೆ ಸಲೀಸಾದ ಹಿಂದಿ ಅಥವಾ ಮರಾಠಿಯೇ ಮೇಲು.

ಎರಡರಿಂದ ಏಳು ವರ್ಷದವರ ಹಟ, ರಂಪಕ್ಕೆ 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ ಪಿಸಿಐಟಿ (ಹೆತ್ತವರು-ಮಕ್ಕಳ ಒಡನಾಟದ ಥೆರಪಿ) ವಿಧಾನ ನಮಗೆ ಹೆಚ್ಚು ಮೆಚ್ಚುಗೆಯಾದದ್ದು. ಅಮ್ಮ ಮಗುವಿನೊಡನೆ ಆಡುತ್ತಾಳೆ. ಥೆರಪಿಸ್ಟ್ ಒಂದೇ ಕಡೆಯಿಂದ ಕಾಣುವ ಕನ್ನಡಿಯ ಹಿಂದಿನಿಂದಲೋ ಕ್ಯಾಮೆರಾ ಮೂಲಕವೋ ನೋಡುತ್ತ ಇಯರ್‌ಫೋನಿನಲ್ಲಿ ಹೇಳಿಕೊಡುತ್ತಾರೆ. ಮನೆಯಲ್ಲಿ ದಿನಕ್ಕೆ 5 ನಿಮಿಷ ಇದೇ ಆಟ. ಬ್ಲಾಕ್ಸ್, ಕ್ರೇಯಾನ್, ಹಿಟ್ಟಿನ ಮುದ್ದೆ ಸಾಕು. ಸೋಲು-ಗೆಲುವಿನ ಆಟ, ಮೊಬೈಲ್, ಬಂದೂಕು ಬೇಡ. ಆ 5 ನಿಮಿಷ ಪ್ರಶ್ನೆ, ಆಜ್ಞೆ, ಟೀಕೆ ಮೂರೂ ಬಂದ್. ಮಗು ಮಾಡಿದ್ದನ್ನು ಬಾಯಲ್ಲಿ ಹೇಳುವುದು, ಆಡಿದ ಮಾತನ್ನು ಮರಳಿ ಹೇಳುವುದು, ಒಳ್ಳೆಯದನ್ನು ಹೆಸರಿಟ್ಟು ಹೊಗಳುವುದು, ಇಷ್ಟೇ ಕೆಲಸ.

ಎಡವುವುದೂ ಇಲ್ಲಿಯೇ. ‘ಇದು ಯಾವ ಬಣ್ಣ, ಎಷ್ಟು ಬ್ಲಾಕ್ ಇದೆ’ ಎನ್ನುತ್ತ ಆಟವನ್ನು ಟ್ಯೂಷನ್ ಮಾಡಿಬಿಡುತ್ತೇವೆ. ಹೊಗಳಿದರೆ ದೃಷ್ಟಿ ತಾಗುತ್ತದೆ ಎಂದು ಅಜ್ಜಿ ತಡೆಯುತ್ತಾರೆ. ‘ಜಾಣ ಮರಿ’ ಎಂದರೆ ಸಾಲದು. ‘ತಂಗಿಗೂ ಬಣ್ಣ ಕೊಟ್ಟೆಯಲ್ಲ, ಅದು ಇಷ್ಟವಾಯಿತು’ ಎನ್ನಬೇಕು. ಇಂಗ್ಲಿಷ್ ವಾಕ್ಯಗಳನ್ನು ಉರು ಹೊಡೆಸುವ ಥೆರಪಿಸ್ಟ್‌ಗಿಂತ ಮನೆಮಾತಿನಲ್ಲೇ ಇಂಥ ಹತ್ತು ಮಾತು ಬರೆಸಿಕೊಳ್ಳುವವರಿಗೆ ನಮ್ಮ ಅಂಕ ಹೆಚ್ಚು. ಒಂದೇ ಕೋಣೆಯ ಮನೆಯಾದರೆ ಟಿವಿ ಆರಿಸಿ, ಚಾಪೆ ಹಾಸಿ. ಆ ಚಾಪೆಯೇ ಆಟದ ಕೋಣೆ.

ಹದಿಹರೆಯದವರ ಖಿನ್ನತೆಗೆ, ಸಾಯುವ ಯೋಚನೆಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಗೈ ಡೈಮಂಡ್ ಮತ್ತು ಸಂಗಡಿಗರ ಎಬಿಎಫ್‌ಟಿ (ಬಾಂಧವ್ಯ ಆಧಾರಿತ ಕುಟುಂಬ ಥೆರಪಿ) ಇದೆ. ಸಾಮಾನ್ಯವಾಗಿ 12ರಿಂದ 16 ವಾರ. ಮೊದಲ ದಿನವೇ ಒಂದು ಪ್ರಶ್ನೆ: ‘ಅಷ್ಟು ನೋವಾದಾಗ ಅಪ್ಪ-ಅಮ್ಮನ ಹತ್ತಿರ ಯಾಕೆ ಬರಲಾಗಲಿಲ್ಲ?’ ಅಂಕ, ಫೋನು, ಕೋಪ ಎಲ್ಲ ಪಕ್ಕಕ್ಕೆ ಸರಿಯುವುದು ಆಗಲೇ. ನಂತರ ಹುಡುಗ ಅಥವಾ ಹುಡುಗಿಯೊಂದಿಗೆ ಪ್ರತ್ಯೇಕವಾಗಿ, ಹೆತ್ತವರೊಂದಿಗೆ ಪ್ರತ್ಯೇಕವಾಗಿ ಸೆಷನ್. ಹೆತ್ತವರು ವಾದಿಸದೆ ಕೇಳಲು ತಯಾರಾದ ಮೇಲಷ್ಟೇ ಮತ್ತೆ ಎದುರುಬದುರು. ಆತುರಪಟ್ಟು ಎರಡನೇ ವಾರಕ್ಕೇ ಎಲ್ಲರನ್ನೂ ಕೂರಿಸಿದರೆ ಅದು ಥೆರಪಿಯಾಗದೆ ಪಂಚಾಯ್ತಿಯಾಗುತ್ತದೆ. ಲೋಕಲ್ ತಪ್ಪಿತೆಂದು ಅಪ್ಪ ಸದಾ ಗೈರಾದರೂ ಕೆಲಸ ಕುಂಟುತ್ತದೆ. ಅಂಥವರಿಗೆ ಆನ್‌ಲೈನ್ ಸ್ಲಾಟ್ ಕೇಳಿ. ಮಕ್ಕಳಿಗೆ ಮಾತ್ರ ಮನೆಯಿಂದ ಆನ್‌ಲೈನ್ ಬೇಡ, ತೆಳು ಗೋಡೆಯಾಚೆ ಕಿವಿಗಳಿರುತ್ತವೆ. ಮೇ ರಜೆಗೆ ಊರಿಗೆ ಹೋಗುವುದಿದ್ದರೆ ಏಪ್ರಿಲ್‌ನಲ್ಲಿ ಶುರು ಮಾಡಬೇಡಿ.

18 ದಾಟಿದವರ ವಿಷಯ ಚಿಕ್ಕದು. ಫೀಸು ಅಪ್ಪನೇ ಕೊಟ್ಟರೂ ಒಪ್ಪಿಗೆ ಮಕ್ಕಳದೇ, ಒಳಗಿನ ಮಾತೂ ಅವರದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಪ್ರಾಣಾಪಾಯವಿದ್ದರೆ ಆ ಗುಟ್ಟಿಗೆ ಮಿತಿಯಿದೆ. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲ ದಿನವೇ ಹೇಳದ ಥೆರಪಿಸ್ಟ್ ಬೇಡ.

ಎಲ್ಲದಕ್ಕೂ ‘ಬಾಂಧವ್ಯದ ಕೊರತೆ’ ಎನ್ನುವವರನ್ನೂ ನಂಬಬೇಡಿ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಕಲಿಕೆಯ ತೊಡಕಿನ ಶಂಕೆ ಇದ್ದರೆ ಮೊದಲು ಅಸೆಸ್‌ಮೆಂಟ್ ಆಗಲಿ. ಮಗುವನ್ನು ಬಲವಂತವಾಗಿ ಅವುಚಿ ಹಿಡಿದು ‘ಬಾಂಧವ್ಯ ಬೆಸೆಯುವ’ ಕಡೆಯಿಂದ ಎದ್ದು ಬನ್ನಿ. ಅದು ಅಪಾಯಕಾರಿ ಎಂದು 2006ರಲ್ಲೇ ಅಮೆರಿಕದ ತಜ್ಞರ ಕಾರ್ಯಪಡೆ ಎಚ್ಚರಿಸಿದೆ.

ಬುಕ್ ಮಾಡುವ ಮೊದಲು ಫೋನಿನಲ್ಲೇ ಕೇಳಿ: ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಏನು, ಈ ವಿಧಾನದಲ್ಲಿ ತರಬೇತಿ ಎಲ್ಲಿ, ಮೇಲ್ವಿಚಾರಣೆ ಯಾರದು, ಹೆತ್ತವರಿಗೆ ಎಷ್ಟು ಸೆಷನ್, ಅದಕ್ಕೆ ಫೀಸು ಬೇರೆಯೇ? ‘ನೀವು ಹೊರಗೆ ಕೂತಿರಿ, ನಾವು ಸರಿ ಮಾಡಿ ಕಳಿಸುತ್ತೇವೆ’ ಎಂಬ ಉತ್ತರ ಬಂದರೆ ಬೇರೆ ನಂಬರ್ ಒತ್ತಿ. ಫೀಸು ಭರಿಸಲಾಗದಿದ್ದರೆ, ಅಥವಾ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ದಿಕ್ಕು ತೋಚದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಕರೆ ಸೇರಿದಾಗ ಭಾಷೆ ಆರಿಸಿಕೊಳ್ಳಿ.