ಲೂಮ್ ಮತ್ತು ಕಿಂಗ್ಸ್ ಕ್ವೆಸ್ಟ್ 5: ಒಂದು ಇಲಿ ಮಾಡಿಸಿದ ಆಯ್ಕೆ

ಎರಡೂ 1990ರ ಕಂಪ್ಯೂಟರ್ ಆಟಗಳು, ಎರಡೂ ಮಾಂತ್ರಿಕರ ಕಥೆಗಳು. ದೀಪಾವಳಿಯ ರಿಯಾಯಿತಿಯಲ್ಲಿ ಇವೆರಡನ್ನೂ ಕೊಂಡ ನಾನು ಲೂಮ್ ಆಟವನ್ನು ನಾಲ್ಕು ಸಂಜೆಗಳಲ್ಲಿ ಮುಗಿಸಿ, ಈಗ ಮತ್ತೆ ಮೊದಲಿನಿಂದ ಆಡುತ್ತಿದ್ದೇನೆ. ಕಿಂಗ್ಸ್ ಕ್ವೆಸ್ಟ್ ಅರ್ಧಕ್ಕೇ ನಿಂತಿದೆ.

ನಿಲ್ಲಲು ಕಾರಣ ಒಂದು ಇಲಿ. ಬೇಕರಿಯ ಬಳಿ ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕೆಲವೇ ಕ್ಷಣಗಳಲ್ಲಿ ಕಥಾನಾಯಕ ರಾಜ ಗ್ರಹಾಮನ ಕೈಯಿಂದ ಹಳೆಯ ಬೂಟನ್ನು ಬೆಕ್ಕಿನತ್ತ ಎಸೆಸಿದರೆ ಇಲಿ ಉಳಿಯುತ್ತದೆ. ನಾನು ಆ ದೃಶ್ಯವನ್ನು ಬರಿಯ ಅಲಂಕಾರವೆಂದು ಭಾವಿಸಿ ನೋಡುತ್ತ ಕುಳಿತೆ. ತಪ್ಪಾಯಿತೆಂದು ಆಟ ಒಂದು ಮಾತನ್ನೂ ಹೇಳಲಿಲ್ಲ.

ಬಹಳ ಹೊತ್ತಿನ ನಂತರ ಪುಂಡರು ಗ್ರಹಾಮನನ್ನು ಕಟ್ಟಿಹಾಕಿ ನೆಲಮಾಳಿಗೆಗೆ ತಳ್ಳಿದಾಗ, ಆ ಹಗ್ಗವನ್ನು ಕಡಿಯಬೇಕಾದದ್ದು ಅದೇ ಇಲಿ ಎಂಬುದು ತಿಳಿಯಿತು. ಆಡಿದಷ್ಟನ್ನು ಉಳಿಸಿಡುವ ಸೇವ್ ಕಡತವನ್ನು ನಾನು ಒಂದೇ ಇಟ್ಟುಕೊಳ್ಳುವವನಾದ್ದರಿಂದ ಮೂರು ಸಂಜೆಗಳ ಆಟ ಪೂರ್ತಿ ವ್ಯರ್ಥವಾಯಿತು. ಒಗಟು ಬಿಡಿಸಲಾಗದೆ ಸೋಲುವುದು ನ್ಯಾಯ. ಆದರೆ ಸೋತ ಮೇಲೂ ಅದನ್ನು ತಿಳಿಸದೆ ಆಡಿಸುತ್ತ ಹೋಗುವುದನ್ನು ನಾನು ಒಪ್ಪಲಾರೆ. ಹಸಿವಾದಾಗ ಕಸ್ಟರ್ಡ್ ಕಡುಬನ್ನು ತಿಂದರೂ ಹೀಗೆಯೇ: ಮುಂದೆ ಹಿಮಮಾನವನ ಮುಖಕ್ಕೆ ಎಸೆಯಲು ಏನೂ ಉಳಿದಿರುವುದಿಲ್ಲ.

ಬ್ರಯನ್ ಮೊರಿಯಾರ್ಟಿ ರೂಪಿಸಿದ ಲೂಮ್‌ನಲ್ಲಿ ಸಾವಿಲ್ಲ. ನೇಕಾರರ ಬಳಗದ ಹುಡುಗ ಬಾಬಿನ್ ಹೊತ್ತು ತಿರುಗುವುದು ಒಂದು ನೂಲುವ ಕೋಲನ್ನು ಮಾತ್ರ. ಅದರ ಮೇಲೆ ನಾಲ್ಕು ಸ್ವರಗಳನ್ನು ನುಡಿಸಿದರೆ ಒಂದು ಮಂತ್ರವಾಗುತ್ತದೆ. ಅದರ ಎಂಟು ಸ್ವರಗಳು ನಮ್ಮ ಶಂಕರಾಭರಣದ ಆರೋಹಣವೇ ಆದ್ದರಿಂದ ನಾನು ಮಂತ್ರಗಳನ್ನು ಸರಿಗಮದಲ್ಲೇ ಬರೆದುಕೊಂಡೆ: ತೆರೆಯುವ ಮಂತ್ರ ‘ಗ ಸ ಗ ರಿ’, ಅದನ್ನೇ ತಿರುಗಿಸಿ ‘ರಿ ಗ ಸ ಗ’ ಎಂದರೆ ಮುಚ್ಚುವ ಮಂತ್ರ. ಹುಲ್ಲನ್ನು ಚಿನ್ನವಾಗಿಸುವ ಮಂತ್ರವನ್ನು ಹಿಮ್ಮುಖವಾಗಿ ನುಡಿಸಿ, ಡ್ರ್ಯಾಗನ್‌ನ ಚಿನ್ನದ ರಾಶಿಯನ್ನೇ ಹುಲ್ಲಾಗಿಸಬಹುದೆಂದು ನಾನಾಗಿಯೇ ಕಂಡುಕೊಂಡ ಸಂಜೆಯ ಸಂತೋಷ ಇನ್ನೂ ಮಾಸಿಲ್ಲ. ಹಿನ್ನೆಲೆಯಲ್ಲಿ ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ಸಂಗೀತವಿದೆ.

ಚಿತ್ರಗಳ ವೈಭವದಲ್ಲಿ ಕಿಂಗ್ಸ್ ಕ್ವೆಸ್ಟ್ ಮುಂದಿದೆ. ಅದು ಮೂರು ಆಟಗಳ ಕಂತೆಯಾಗಿ ದೊರೆತದ್ದರಿಂದ ಹಣದ ಲೆಕ್ಕದಲ್ಲೂ ಅದೇ ಅಗ್ಗ. ಲೂಮ್ ಚಿಕ್ಕ ಆಟ, ಬೇಗ ಮುಗಿದುಹೋಗುತ್ತದೆ. ಆದರೂ ದಿನಕ್ಕೊಂದು ಗಂಟೆಯಷ್ಟೇ ಬಿಡುವಿರುವ ನನಗೆ, ಆ ಗಂಟೆಯನ್ನು ಕಸಿದುಕೊಳ್ಳದ ಆಟವೇ ಬೇಕು. ಈ ಸಲ ಸ್ವರಗಳನ್ನು ತೆರೆಯ ಮೇಲೆ ತೋರಿಸದ ಎಕ್ಸ್‌ಪರ್ಟ್ ಹಂತವನ್ನು ಆಯ್ದುಕೊಂಡು, ಕಿವಿಯನ್ನೇ ನಂಬಿ ಲೂಮ್ ಆಡುತ್ತಿದ್ದೇನೆ.