ವೇಬ್ರಿಡ್ಜ್ ಕಂಪ್ಯೂಟರಿಗೆ ಲೈಬ್ರರಿ ತೋರಿಸಿದ್ದು: ಮೂರು ದಾರಿ ನೋಡಿದೆ

ಗಂಗಾವತಿಯ ಒಂದು ರೈಸ್ ಮಿಲ್ಲಿಗೆ ವೇಬ್ರಿಡ್ಜ್ ತೂಕ ಓದುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಉಬುಂಟು (ಲಿನಕ್ಸ್) ಕಂಪ್ಯೂಟರ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿದ್ದು ಅಲ್ಲಿ ಲಿಬ್‌ಮಾಡ್‌ಬಸ್ (ಮಷಿನ್ ಜೊತೆ ಮಾತಾಡುವ ಲೈಬ್ರರಿ, ಅಂದರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್ ಫೈಲ್) ಸಿಗುತ್ತಿಲ್ಲ ಅಂತ ನಿಂತುಬಿಟ್ಟಿತು. ಫೈಲ್ ಪಕ್ಕದ ಫೋಲ್ಡರಿನಲ್ಲೇ ಇತ್ತು, ನಾನೇ ಹಾಕಿದ್ದೆ. ಆದರೆ ಲಿನಕ್ಸ್ ವಿಂಡೋಸ್ ಥರ ಅಲ್ಲ, ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ಇಟ್ಟರೂ ಹೇಳದೆ ನೋಡುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬ್ಯಾಷ್‌ಆರ್‌ಸಿಯಲ್ಲಿ (ಟರ್ಮಿನಲ್‌ನ ಶೆಲ್ ಶುರುವಾದಾಗ ಓದುವ ಫೈಲ್) ಎಲ್‌ಡಿ_ಲೈಬ್ರರಿ_ಪಾತ್ ಅಂತ ಒಂದು ಸಾಲು, ಲೈಬ್ರರಿ ಯಾವ ಫೋಲ್ಡರಿನಲ್ಲಿ ಹುಡುಕಬೇಕು ಅಂತ ಹೇಳುವುದು. ಓಡಿತು, ಚಹಾ ಕುಡಿದು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಫೋನು: "ಅಣ್ಣಾ, ತೂಕ ಬರವಲ್ದು, ಭತ್ತದ ಲಾರಿ ಸಾಲು ನಿಂತಾವ." ರಾತ್ರಿ ಕರೆಂಟ್ ಹೋಗಿ ಬಂದಿತ್ತು. ಈ ಸಲ ಪ್ರೋಗ್ರಾಂ ಶುರು ಮಾಡಿದ್ದು ಸಿಸ್ಟಂಡಿ (ಕಂಪ್ಯೂಟರ್ ಆನ್ ಆದಾಗ ಸರ್ವಿಸ್‌ಗಳನ್ನು ತಾನೇ ಓಡಿಸುವ ಪ್ರೋಗ್ರಾಂ), ಅದಕ್ಕೆ ನನ್ನ ಬ್ಯಾಷ್‌ಆರ್‌ಸಿ ಗೊತ್ತೇ ಇಲ್ಲ. ತಮಾಷೆ ಅಂದ್ರೆ ಟರ್ಮಿನಲ್‌ನಲ್ಲಿ ಎಲ್‌ಡಿಡಿ (ಪ್ರೋಗ್ರಾಂಗೆ ಯಾವ ಲೈಬ್ರರಿ ಎಲ್ಲಿಂದ ಸಿಗುತ್ತದೆ ಅಂತ ತೋರಿಸುವ ಕಮಾಂಡ್) ಹೊಡೆದರೆ ಎಲ್ಲ ಸರಿ ಇದೆ ಅಂತ ತೋರಿಸುತ್ತದೆ, ಯಾಕಂದ್ರೆ ಅದು ನೋಡುವುದು ನನ್ನ ಶೆಲ್‌ನ ಸೆಟ್ಟಿಂಗ್. ಕೊನೆಗೆ ಸಿಸ್ಟಂಡಿ ಓದುವ ಸರ್ವಿಸ್ ಫೈಲಿನಲ್ಲೇ ಎಲ್‌ಡಿ_ಡಿಬಗ್‌ಗೆ 'ಲಿಬ್ಸ್' ಅಂತ ಕೊಟ್ಟು (ಲೈಬ್ರರಿ ಹುಡುಕಾಟವನ್ನು ಬರೆದು ತೋರಿಸುವ ಸೆಟ್ಟಿಂಗ್) ಜರ್ನಲ್, ಅಂದರೆ ಸಿಸ್ಟಂಡಿಯ ಲಾಗ್ ತೆಗೆದೆ. ಯಾವ ಯಾವ ಫೋಲ್ಡರಿನಲ್ಲಿ ಹುಡುಕಿದೆ ಅಂತ ಸಾಲು ಸಾಲಾಗಿ ಬಂತು, ನನ್ನ ಫೋಲ್ಡರಿನ ಹೆಸರೇ ಇಲ್ಲ. ಎಲ್‌ಡಿ_ಲೈಬ್ರರಿ_ಪಾತ್ ಅನ್ನೂ ಸರ್ವಿಸ್ ಫೈಲಿಗೆ ಹಾಕಬಹುದಿತ್ತು, ಆದರೆ ಪ್ರೋಗ್ರಾಂ ಕರೆಯುವ ಪ್ರಿಂಟ್ ಕಮಾಂಡಿಗೂ ಅದೇ ದಾರಿ ಅಂಟಿಕೊಳ್ಳುತ್ತದೆ. ಬೇಡ ಅನ್ನಿಸಿತು.

ಎರಡನೆಯದು ಎಲ್‌ಡಿಕಾನ್ಫಿಗ್, ಇಡೀ ಕಂಪ್ಯೂಟರಿಗೆ ಲೈಬ್ರರಿಗಳ ಪಟ್ಟಿ ಮಾಡಿಕೊಡುವ ಕಮಾಂಡ್. ಇಟಿಸಿ ಒಳಗಿನ ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಫೋಲ್ಡರಿನಲ್ಲಿ ಒಂದು ಫೈಲ್ ಇಟ್ಟು ಸುಡೋ ಎಲ್‌ಡಿಕಾನ್ಫಿಗ್ ಓಡಿಸಿದರೆ ಮುಗಿಯಿತು, ರೀಬೂಟ್ ಆದರೂ ಉಳಿಯುತ್ತದೆ. ಆದರೆ ತೂಕದ ಮಷಿನ್ ಕೊಟ್ಟವರು ತಮ್ಮ ಲೈಬ್ರರಿ ಜೊತೆ ಒಂದು ಹಳೇ ಲಿಬ್‌ಎಸ್‌ಟಿಡಿಸಿ++ (ಸಿ++ ಪ್ರೋಗ್ರಾಂಗಳೆಲ್ಲ ಬಳಸುವ ಲೈಬ್ರರಿ) ಕೂಡ ತುಂಬಿದ್ದರು. ಈಗ ಇಡೀ ಕಂಪ್ಯೂಟರ್ ಅದನ್ನೇ ಹಿಡಿದುಕೊಂಡು, ಸಂಬಂಧವೇ ಇಲ್ಲದ ಪ್ರೋಗ್ರಾಂಗಳು ತಮಗೆ ಬೇಕಾದ ಹೊಸ ಜಿಎಲ್‌ಐಬಿಸಿಎಕ್ಸ್‌ಎಕ್ಸ್ (ಆ ಲೈಬ್ರರಿಯ ಆವೃತ್ತಿಯ ಗುರುತು) ಸಿಗಲಿಲ್ಲ ಅಂತ ಅಳೋಕೆ ಶುರು ಮಾಡಿದವು. ಎಲ್ಲರಿಗೂ ಬೇಕಾದ ಲೈಬ್ರರಿಗೆ ಮಾತ್ರ ಈ ದಾರಿ ಸರಿ ಅಂತ ಅದನ್ನು ವಾಪಸ್ ತೆಗೆದೆ.

ಮೂರನೆಯದರಲ್ಲಿ ದಾರಿಯನ್ನು ಪ್ರೋಗ್ರಾಂ ಒಳಗೇ ಬರೆದುಬಿಡುವುದು. ಪ್ಯಾಚೆಲ್ಫ್‌ನಿಂದ (ತಯಾರಾದ ಪ್ರೋಗ್ರಾಂ ಫೈಲನ್ನು ತಿದ್ದುವ ಟೂಲ್) ರನ್‌ಪಾತ್‌ಗೆ (ಪ್ರೋಗ್ರಾಂ ಒಳಗೇ ಲೈಬ್ರರಿ ದಾರಿ ಬರೆಯುವ ಜಾಗ) '$ಒರಿಜಿನ್/ಲಿಬ್' ಹಾಕಿದೆ, ಅಂದರೆ ಪ್ರೋಗ್ರಾಂ ಎಲ್ಲಿದೆಯೋ ಅದರ ಪಕ್ಕದ ಲಿಬ್ ಫೋಲ್ಡರ್. ಸಿಂಗಲ್ ಕೋಟ್ ಮರೆಯಬೇಡಿ, ಇಲ್ಲದಿದ್ದರೆ ಡಾಲರ್ ಹೆಸರನ್ನು ಶೆಲ್ಲೇ ನುಂಗಿ ಸುಮ್ನೆ '/ಲಿಬ್' ಉಳಿಯುತ್ತದೆ. ಆ ಹಳೇ ಲಿಬ್‌ಎಸ್‌ಟಿಡಿಸಿ++ ಅಳಿಸಿದೆ. ಟರ್ಮಿನಲ್‌ನಲ್ಲಿ ಓಡಿತು. ಸರ್ವಿಸ್‌ನಲ್ಲಿ ಮತ್ತೆ ಅದೇ ಗೋಳು!

ಎರಡು ತಪ್ಪು ನನ್ನವೇ. ಬ್ಯಾಷ್‌ಆರ್‌ಸಿಯ ಹಳೇ ಸಾಲು ಅಳಿಸಿರಲಿಲ್ಲ, ರನ್‌ಪಾತ್‌ಗಿಂತ ಅದನ್ನೇ ಮೊದಲು ನೋಡುವುದು, ಹಾಗಾಗಿ ಟರ್ಮಿನಲ್ ಮತ್ತೆ ಸುಳ್ಳು ಹೇಳಿತ್ತು. ಇನ್ನೊಂದು, ಲಿಬ್‌ಮಾಡ್‌ಬಸ್ ಬೇಕಾಗಿದ್ದದ್ದು ನನ್ನ ಪ್ರೋಗ್ರಾಂಗೆ ನೇರವಾಗಿ ಅಲ್ಲ, ಮಷಿನ್‌ನವರ ಲೈಬ್ರರಿಗೆ, ಮತ್ತು ಪ್ರೋಗ್ರಾಂನ ರನ್‌ಪಾತ್ ಅದು ನೇರವಾಗಿ ಕರೆಯುವ ಲೈಬ್ರರಿಗಳಿಗೆ ಮಾತ್ರ ನಡೆಯುತ್ತದೆ (ಇದೇ ಕೆಲಸಕ್ಕಿದ್ದ ಹಳೇ ಆರ್‌ಪಾತ್ ಹಾಗಲ್ಲ, ಆ ಲೈಬ್ರರಿಗಳು ಕರೆಯುವ ಲೈಬ್ರರಿಗಳಿಗೂ ನಡೆಯುತ್ತದೆ). ಮಷಿನ್‌ನವರ ಲೈಬ್ರರಿಗೂ '$ಒರಿಜಿನ್' ಅಂತ ಪ್ಯಾಚ್ ಮಾಡಿ, ಬ್ಯಾಷ್‌ಆರ್‌ಸಿ ಸಾಲು ಕಿತ್ತು, 'ಎನ್ವ್ -ಐ' ಹಾಕಿ ಯಾವ ಸೆಟ್ಟಿಂಗೂ ಇಲ್ಲದ ಖಾಲಿ ಶೆಲ್‌ನಲ್ಲಿ ಓಡಿಸಿ ನೋಡಿದ ಮೇಲೇ ಮಿಲ್ಲಿಗೆ ಫೋನ್ ಮಾಡಿದೆ.