ನಿರಾಶ್ರಿತರಿಗೆ ಭೂಮಿಯೋ, ಕೈಗೆ ಹಣವೋ?

ನಿರಾಶ್ರಿತರಿಗೆ ನೆರವು ಕೊಡಬೇಕು, ಆದರೆ ಯಾವ ಬಗೆಯ ಕೆಲಸಕ್ಕೆ ಎಂದು ಯೋಚಿಸುತ್ತಿದ್ದರೆ ಉಗಾಂಡ ಮತ್ತು ಕೀನ್ಯಾವನ್ನು ಪಕ್ಕಪಕ್ಕ ಇಟ್ಟು ನೋಡಿ.

ಉಗಾಂಡದ 2006ರ ಕಾಯ್ದೆ ನಿರಾಶ್ರಿತರಿಗೆ ದುಡಿಯುವ, ಓಡಾಡುವ ಹಕ್ಕು ಕೊಟ್ಟಿದೆ. ನಕಿವಾಲೆಯಂಥ ನಿರಾಶ್ರಿತರ ನೆಲೆಗಳಲ್ಲಿ ಬೇಸಾಯಕ್ಕೆ ತುಂಡು ಭೂಮಿಯೂ ಸಿಗುತ್ತದೆ. ನನಗೆ ಜಾಸ್ತಿ ಇಷ್ಟವಾಗುವುದು ನೆರವಿನಲ್ಲಿ ಸುಮಾರು ಶೇ 30 ಭಾಗ ಸ್ಥಳೀಯರಿಗೂ ಹೋಗಬೇಕೆಂಬ ಅಲ್ಲಿನ ನೀತಿ. ಹೊಸಬರಿಗಾಗಿ ಕಟ್ಟಿದ ಶಾಲೆ, ಆಸ್ಪತ್ರೆ, ಬೋರ್‌ವೆಲ್ ಊರಿನವರಿಗೂ ಸಿಕ್ಕರೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಅಲ್ವಾ? ಆದರೆ ಜನ ಹೆಚ್ಚಿದಂತೆ ಭೂಮಿಯ ಪಾಲು ಚಿಕ್ಕದಾಗುತ್ತಿದೆ, ಸೌದೆಗಾಗಿ ಜಗಳವೂ ಆಗುತ್ತದೆ.

ಕೀನ್ಯಾದ ತುರ್ಕಾನಾ ಒಣ ನಾಡು. ಕಾಕುಮಾ ಶಿಬಿರದ ಹತ್ತಿರ 2016ರಲ್ಲಿ ಶುರುವಾದ ಕಲೊಬೆಯೆ ಎಂಬ ನಿರಾಶ್ರಿತರ ನೆಲೆಯಲ್ಲಿ 'ಬಂಬಾ ಚಕುಲಾ' ಯೋಜನೆಯಡಿ ಆಹಾರದ ಹಣ ಫೋನಿಗೇ ಬಂತು. ಅದು ಅಂಗಡಿಗಳಲ್ಲಿ ಖರ್ಚಾಗಿ ಸ್ಥಳೀಯ ವ್ಯಾಪಾರಿಗಳಿಗೂ ಲಾಭವಾಯಿತು. ಆದರೆ ಓಡಾಟಕ್ಕೆ ನಿರ್ಬಂಧ ಇರುವುದರಿಂದ ದೂರ ಹೋಗಿ ದುಡಿಯುವುದು ಕಷ್ಟ, ನೆರವು ಕಡಿತವಾದರೆ ಅಂಗಡಿಯಲ್ಲಿ ಸಾಲ ಬೆಳೆಯುತ್ತದೆ.

ಮಳೆ, ಮಣ್ಣು ಇರುವ ಕಡೆಯಾದರೆ ಭೂಮಿಯನ್ನೇ ಆರಿಸಿ. ನಮ್ಮ ಬೈಲಕುಪ್ಪೆಯಲ್ಲಿ 1960ರ ದಶಕದಲ್ಲಿ ಬಂದ ಟಿಬೆಟನ್ನರು ಮುಸುಕಿನ ಜೋಳ ಬೆಳೆದೇ ನೆಲೆ ನಿಂತರು. ಒಣ ನಾಡಿಗೆ ಹಣವೇ ಸರಿ. ಎರಡರಲ್ಲೂ ಊರಿನವರಿಗೆ ಪಾಲಿದೆಯಾ ಅಂತ ಮೊದಲು ಕೇಳಿ. ಇಲ್ಲ ಅಂದರೆ ನಾನಂತೂ ಕೊಡುವುದಿಲ್ಲ.